ಕೆ. ವೆಂಕಟಪ್ಪ

ಕೆ. ವೆಂಕಟಪ್ಪ (1886–1965) ಮೈಸೂರು ಸಂಸ್ಥಾನದ ಹೆಸರಾಂತ ಚಿತ್ರಕಲಾವಿದರು. ಜಲವರ್ಣದ ನಿಸರ್ಗಚಿತ್ರ, ದಂತದ ಮೇಲಿನ ಕಿರುಭಾವಚಿತ್ರ ಹಾಗೂ ಗಾರೆಯ ಉಬ್ಬುಶಿಲ್ಪಗಳಿಗೆ ಪ್ರಸಿದ್ಧರು, ವೈಣಿಕರೂ ಆಗಿದ್ದರು.

ಜನನ ಮತ್ತು ಶಿಕ್ಷಣ

ಅರಮನೆಯ ಆಶ್ರಯದಲ್ಲಿ ಚಿತ್ರ ಬರೆಯುತ್ತಿದ್ದ ಮನೆತನದಲ್ಲಿ ಜನಿಸಿದ ಇವರಿಗೆ ಕಲೆ ಬಳುವಳಿಯಾಗಿ ಬಂದಿತು. ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ ಕಲ್ಕತ್ತೆಯ ಸರ್ಕಾರಿ ಕಲಾಶಾಲೆಗೆ ತೆರಳಿ, ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ನಂದಲಾಲ್ ಬೋಸ್, ಅಸಿತ್ ಕುಮಾರ್ ಹಲ್ದಾರ್ ಇವರ ಸಹಪಾಠಿಗಳು. ಲೇಡಿ ಹೆರಿಂಗಹ್ಯಾಮ್ ಕೈಗೊಂಡ ಅಜಂತಾ ಭಿತ್ತಿಚಿತ್ರಗಳ ಪ್ರತಿ ತೆಗೆಯುವ ಕಾರ್ಯದಲ್ಲಿ ಈ ಗೆಳೆಯರೊಡನೆ ಪಾಲ್ಗೊಂಡರು. ಸೋದರಿ ನಿವೇದಿತಾ ಆರಂಭಿಸಿ ಆನಂದ ಕುಮಾರಸ್ವಾಮಿಯವರು ಪೂರ್ಣಗೊಳಿಸಿದ ಪುರಾಣಕಥೆಗಳ ಗ್ರಂಥಕ್ಕೆ ರಾಮಾಯಣದ ಚಿತ್ರಗಳನ್ನು ರಚಿಸಿಕೊಟ್ಟರು. ಭಾರತೀಯ ಕಲೆಯ ಅಂಗರಚನೆಯನ್ನು ಕುರಿತ ಅವನೀಂದ್ರನಾಥರ ಪುಸ್ತಕಕ್ಕೂ ರೇಖಾಚಿತ್ರಗಳನ್ನು ಒದಗಿಸಿದರು.

ಕಲಾಸಾಧನೆ

ಮೈಸೂರಿಗೆ ಮರಳಿದ ಮೇಲೆ ವೆಂಕಟಪ್ಪನವರು ಬಂಗಾಳ ಶೈಲಿಯನ್ನೇ ಮುಂದುವರಿಸಲಿಲ್ಲ. ಪ್ರಕೃತಿಯನ್ನು ನೇರವಾಗಿ ನಿರೀಕ್ಷಿಸುವತ್ತ ಅವರ ಮನಸ್ಸು ವಾಲಿತು. ಉದಕಮಂಡಲದ ಮಂಜು, ಮಳೆಮೋಡ, ಬೆಳದಿಂಗಳು, ಕೆರೆಯಂಗಳಗಳನ್ನು ಅತಿ ಸೂಕ್ಷ್ಮವಾದ ಜಲವರ್ಣಗಳಲ್ಲಿ ಸೆರೆಹಿಡಿದರು. ಮಲೆಯ ಮಂಜು ಕ್ಷಣಕ್ಷಣಕ್ಕೂ ಬದಲಾಗುವ ಬಗೆಯನ್ನು ಬಲ್ಲವರಿಗೆ ಈ ಚಿತ್ರಗಳ ಹಿಂದಿನ ತಾಳ್ಮೆ ಅರಿವಾಗುತ್ತದೆ.

ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತ ಇವರು ಸಂಗೀತಕ್ಕೂ ಚಿತ್ರಕಲೆಯಷ್ಟೇ ನಿಷ್ಠೆ ತೋರಿದರು. ಈ ಎರಡು ಸೆಳೆತಗಳ ನಡುವಿನ ತೊಳಲಾಟವೇ 'ಮ್ಯಾಡ್ ಆಫ್ಟರ್ ವೀಣಾ' ಎಂಬ ಚಿತ್ರದ ವಸ್ತು.

ಅರಮನೆಯೊಡನೆ ವ್ಯಾಜ್ಯ

ಮಹಾರಾಜರ ಅಪೇಕ್ಷೆಯಂತೆ ವೆಂಕಟಪ್ಪನವರು ಮೈಸೂರು ಅರಮನೆಗಾಗಿ ಉಬ್ಬುಶಿಲ್ಪಗಳ ರಚನೆಯಲ್ಲಿ ತೊಡಗಿದರು. 1940ರಲ್ಲಿ ನಾಲ್ವಡಿಯವರು ನಿಧನರಾದ ಬಳಿಕ ಆ ಕೆಲಸದ ಸಂಭಾವನೆಯ ವಿಚಾರದಲ್ಲಿ ವಿವಾದ ಉಂಟಾಗಿ, ಕಲಾವಿದರು ನ್ಯಾಯಾಲಯದ ಮೆಟ್ಟಿಲೇರಿದರು. ಆಶ್ರಯದಾತರ ಔದಾರ್ಯವನ್ನೇ ನೆಚ್ಚಿ ಬದುಕಿದ ಮನೆತನದವರೊಬ್ಬರು ತಮ್ಮ ದುಡಿಮೆಯ ಬೆಲೆಯನ್ನು ಹಕ್ಕಾಗಿ ಕೇಳಿದ್ದು ಅಂದಿನ ಕಾಲಕ್ಕೆ ಅಪರೂಪದ ಸಂಗತಿ.

ಕೊನೆಯ ದಿನಗಳು

ಅವಿವಾಹಿತರಾಗಿದ್ದ ಇವರು ಬೆಂಗಳೂರಿನಲ್ಲಿ ಕಟ್ಟುನಿಟ್ಟಾದ, ಏಕಾಂತದ ಬದುಕನ್ನು ನಡೆಸಿದರು. ತಮ್ಮ ಚಿತ್ರಗಳನ್ನು ಮಾರುವುದಕ್ಕಿಂತ ಒಟ್ಟಾಗಿ ಉಳಿಸಿಕೊಳ್ಳುವುದಕ್ಕೇ ಹೆಚ್ಚು ಗಮನ ಕೊಟ್ಟರು. ಲಲಿತ ಕಲಾ ಅಕಾಡೆಮಿಯು ಇವರಿಗೆ ಫೆಲೋ ಗೌರವ ನೀಡಿತು. 1965ರಲ್ಲಿ ನಿಧನರಾದರು.

ಸ್ಮರಣೆ

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ, ಸರ್ಕಾರಿ ವಸ್ತುಸಂಗ್ರಹಾಲಯದ ಪಕ್ಕದಲ್ಲಿರುವ ವೆಂಕಟಪ್ಪ ಚಿತ್ರಶಾಲೆಗೆ ಇವರ ಹೆಸರನ್ನಿಡಲಾಗಿದೆ. ಇವರ ಜಲವರ್ಣಚಿತ್ರಗಳನ್ನೂ ಉಬ್ಬುಶಿಲ್ಪಗಳನ್ನೂ ಅಲ್ಲಿ ಕಾಣಬಹುದು. ಇವರ ಕೃತಿಗಳು ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿಯೂ ಇವೆ.