ಸ್ಪರ್ಧಿಯಿಲ್ಲದ ಚುನಾವಣೆ: ಶ್ರೀ ಎಸ್. ನಿಜಲಿಂಗಪ್ಪನವರು

ಒಂದು ಸ್ಥಾನಕ್ಕೆ ಒಬ್ಬನೇ ಉಮೇದುವಾರನು ಉಳಿದಲ್ಲಿ ಮತದಾನವಿಲ್ಲದೆಯೇ ಅವನು ಆರಿಸಿ ಬಂದನೆಂದು ಸಾರತಕ್ಕದ್ದೆಂಬುದು 1951ರ ಪ್ರಜಾಪ್ರಾತಿನಿಧ್ಯ ಕಾಯದೆಯ 53ನೆಯ ಕಲಮಿನ ಕಟ್ಟಳೆ. ರಾಯಬಾಗ ತಾಲೂಕಿನ ಅಲಖನೂರದಂಥ ಊರುಗಳಲ್ಲಿ ಪಂಚಾಯತಿಯ ಸ್ಥಾನಕ್ಕೆ ಒಬ್ಬರೇ ನಿಂತರೆ ಅದನ್ನು ಊರ ಒಗ್ಗಟ್ಟೆಂದು ಕೊಂಡಾಡಿ ಗುಲಾಲು ಎರಚುವ ವಾಡಿಕೆಯನ್ನು ನಮ್ಮ ವಾಚಕರು ಬಲ್ಲರು. ಆದರೆ ಆ ದಿನ ಮತದಾರನನ್ನು ಯಾರೂ ಏನೂ ಕೇಳಿರುವದಿಲ್ಲವೆಂಬುದೂ ಅಷ್ಟೇ ದಿಟವು. ನಮ್ಮ ರಾಜ್ಯದ ಮುಖ್ಯಮಂತ್ರಿಗಳೊಬ್ಬರು ಇದೇ ಬಾಗಿಲಿನಿಂದ ಶಾಸನಸಭೆಯನ್ನು ಹೊಕ್ಕ ಪ್ರಸಂಗವನ್ನು ಇಲ್ಲಿ ಸ್ಮರಿಸಬೇಕೆಂದು ನಮಗೆ ತೋರಿದೆ.

ಶ್ರೀ ನಿಜಲಿಂಗಪ್ಪನವರು ಹುಟ್ಟಿದುದು 1902ನೆಯ ಇಸವಿಯ ಡಿಸೆಂಬರ 10ರಂದು, ಬಳ್ಳಾರಿ ಜಿಲ್ಲೆಯ ಹಲುವಾಗಿಲಿನಲ್ಲಿ; ಅಂದರೆ ಆಗಿನ ಮದ್ರಾಸ ಪ್ರಾಂತದಲ್ಲಿ. ಬಿ.ಎ. ಪದವಿಯನ್ನು ಪಡೆದುದು ಮೈಸೂರು ಸಂಸ್ಥಾನದ ಬೆಂಗಳೂರಿನಲ್ಲಿ, ಕಾಯದೆಯನ್ನು ಕಲಿತುದು ಮುಂಬಯಿ ಪ್ರಾಂತದ ಪುಣೆಯಲ್ಲಿ, ವಕೀಲಿಯನ್ನು ನಡೆಸಿದುದು ಚಿತ್ರದುರ್ಗದಲ್ಲಿ. ಕನ್ನಡ ನಾಡು ಎಷ್ಟು ಆಳಿಕೆಗಳಲ್ಲಿ ಹರಿದು ಹಂಚಿಹೋಗಿತ್ತೆಂಬುದನ್ನು ಅವರು ಪುಸ್ತಕಗಳಿಂದ ಅರಿಯಬೇಕಾಗಿರಲಿಲ್ಲ. 1939ರಲ್ಲಿ ತುರುವನೂರಿನ ಈಚಲು ಮರದ ಸತ್ಯಾಗ್ರಹದಿಂದ ಅವರ ಹೆಸರು ಸಂಸ್ಥಾನದ ತುಂಬ ಹಬ್ಬಿತು. ಆಮೇಲೆ ಕರ್ನಾಟಕ ಪ್ರಾಂತಿಕ ಕಾಂಗ್ರೆಸ್ಸಿನ ಅಧ್ಯಕ್ಷತೆ ಬಂದಿತು. ಸಂವಿಧಾನ ಸಭೆಯಲ್ಲಿ ಮೈಸೂರಿನವರಾದ ಇವರು ಕುಳಿತುದು ಮುಂಬಯಿ ಪ್ರಾಂತದ ಪ್ರತಿನಿಧಿಗಳ ಸಾಲಿನಲ್ಲಿ. ಏಕೀಕರಣಕ್ಕೆ ಮೈಸೂರಿನ ಅನೇಕ ಮುಖಂಡರು ಹಿಂದೆಮುಂದೆ ನೋಡುತ್ತಿದ್ದಾಗ ಉತ್ತರದವರ ಜೊತೆಗೆ ನಿಂತ ಮೈಸೂರಿಗರಲ್ಲಿ ಇವರು ಮೊದಲಿಗರು. 1956ರ ನವೆಂಬರ 1ರಂದು ಒಂದಾದ ನಾಡಿಗೆ ಇವರೇ ಮೊದಲನೆಯ ಮುಖ್ಯಮಂತ್ರಿಗಳಾದುದು ಯಥೋಚಿತವೇ ಆಗಿತ್ತು. 1958ರಲ್ಲಿ ಪಕ್ಷದೊಳಗಿನ ಭಿನ್ನಮತದಿಂದ ಅಧಿಕಾರವನ್ನು ಬಿಡಬೇಕಾಯಿತು. ಜಮಖಂಡಿಯ ಶ್ರೀ ಬಿ. ಡಿ. ಜತ್ತಿಯವರು ಆ ಪದಕ್ಕೆ ಬಂದರು.

ನಾವು ಹೇಳಹೊರಟ ಸಂಗತಿಯು 1962ರದು. ಆ ವರುಷದ ಸಾರ್ವತ್ರಿಕ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ಬಹುಮತ ದೊರೆಯಿತು. ನಿಜಲಿಂಗಪ್ಪನವರಿಗೆ ಮಾತ್ರ ಸೋಲಾಯಿತು. ಅವರ ಸ್ವಂತ ಜಿಲ್ಲೆಯ ಹೊಸದುರ್ಗ ಕ್ಷೇತ್ರದಲ್ಲಿ ಪ್ರಜಾ ಸೋಷಲಿಸ್ಟ್ ಪಕ್ಷದ ಶ್ರೀ ಜಿ. ಟಿ. ರಂಗಪ್ಪನವರು ಗೆದ್ದರು. ನೆರೆಹೊರೆಯವರೇ ಬೇಡವೆಂದ ಮೇಲೆ ನಾಡಿಗೆ ಮುಖ್ಯರಾಗುವದೆಂತು? ಸಭಾಸದರಲ್ಲದವರೂ ಆರು ತಿಂಗಳ ಮಟ್ಟಿಗೆ ಮಂತ್ರಿಗಳಾಗಿರಲು ಸಂವಿಧಾನದ 164ನೆಯ ಅನುಚ್ಛೇದವು ಆಸ್ಪದವೀಯುತ್ತದೆ. ಆದರೆ ಸೋತ ಕೂಡಲೇ ಆ ಅವಕಾಶವನ್ನು ಬಳಸುವದು ಅವರಿಗೆ ಶೋಭಿಸುತ್ತಿರಲಿಲ್ಲ. ಹುನಗುಂದದ ಶ್ರೀ ಎಸ್. ಆರ್. ಕಂಠಿಯವರು ಮಾರ್ಚ 14ರಂದು ಮುಖ್ಯಮಂತ್ರಿಗಳಾದರು. ಪಾದುಕೆಗಳನ್ನಿಟ್ಟು ರಾಜ್ಯವಾಳಿದ ಭರತನಿಗೆ ಅವರನ್ನು ಹೋಲಿಸದವರಿಲ್ಲ. ಹೋಲಿಕೆ ಹಳೆಯದಾದರೂ ಇಲ್ಲಿ ಸುಳ್ಳಲ್ಲ. ಮೂರು ತಿಂಗಳು ಕಳೆದ ಮೇಲೆ ಗದ್ದಿಗೆಯನ್ನು ಬಿಟ್ಟುಕೊಟ್ಟು ಅವರು ಅದೇ ಮಂತ್ರಿಮಂಡಲದಲ್ಲಿ ವಿದ್ಯಾಮಂತ್ರಿಗಳಾಗಿ ದುಡಿದರು.

ಭರತನ ಕಥೆಯಲ್ಲಿ ಮರೆತುಹೋಗುವವರು ಇನ್ನೊಬ್ಬರಿದ್ದಾರೆ. ಬಾಗಲಕೋಟೆಯ ಶ್ರೀ ಬಿ. ಟಿ. ಮುರನಾಳರು ಆಗತಾನೆ ಜನರಿಂದ ಆರಿಸಿ ಬಂದಿದ್ದರು. ಅವರು ರಾಜೀನಾಮೆಯಿತ್ತು ಸ್ಥಾನವನ್ನು ತೆರವು ಮಾಡಿದರು. ಕಂಠಿಯವರಿಗೆ ಕೆಲವು ದಿನಗಳಾದರೂ ಮುಖ್ಯಮಂತ್ರಿಯೆಂಬ ಹೆಸರು ಉಳಿಯಿತು. ಮುರನಾಳರಿಗೆ ಅದೂ ಉಳಿಯಲಿಲ್ಲ. ತೆರವಾದ ಆ ಸ್ಥಾನಕ್ಕೆ ನಡೆದ ಉಪಚುನಾವಣೆಯಲ್ಲಿ ನಿಜಲಿಂಗಪ್ಪನವರ ಎದುರು ಯಾರೂ ಉಳಿಯಲಿಲ್ಲ. ಅವಿರೋಧವಾಗಿ ಆರಿಸಿ ಬಂದ ಅವರು ಜೂನ 21ರಂದು ಮತ್ತೆ ಮುಖ್ಯಮಂತ್ರಿಗಳಾದರು.

ಇದರಲ್ಲಿ ಹೆಮ್ಮೆಪಡತಕ್ಕುದು ಉಂಟು. ಹಳೆಯ ಮೈಸೂರಿನ ಮುಖಂಡನನ್ನು ಅವನ ನಾಡೇ ಸೋಲಿಸಿದಾಗ, ಆರು ವರುಷಗಳ ಹಿಂದೆ ಮುಂಬಯಿಗೆ ಸೇರಿದ್ದ ವಿಜಾಪುರ ಜಿಲ್ಲೆಯು ಅವನನ್ನು ತನ್ನವನೆಂದು ಬರಮಾಡಿಕೊಂಡಿತು. ಏಕೀಕರಣವು ನಕಾಶೆಯಲ್ಲಿ ಮಾತ್ರವಿರದೆ ಮನಸ್ಸಿನಲ್ಲಿಯೂ ಆಗಿತ್ತೆಂಬುದಕ್ಕೆ ಇದಕ್ಕಿಂತ ಮೇಲಾದ ಸಾಕ್ಷಿಯನ್ನು ನಾವು ಕಾಣೆವು. ಆದರೆ ಬಾಗಲಕೋಟೆಯ ಮತದಾರರು ಆರಿಸಿದ್ದುದು ಮುರನಾಳರನ್ನು. ಅದನ್ನು ಬದಲಿಸುವಾಗ ಅವರ ಕೈಗೆ ಮತಪತ್ರವು ಬರಲೇ ಇಲ್ಲ. ಆ ಕಾಲದಲ್ಲಿ ಇಂಥದು ನಮ್ಮಲ್ಲಿ ಮಾತ್ರ ನಡೆಯಿತೆಂದಲ್ಲ: ಮರುವರುಷ, 1963ರಲ್ಲಿ, ರಕ್ಷಣಾಮಂತ್ರಿಗಳಾಗಿದ್ದ ಶ್ರೀ ಯಶವಂತರಾವ ಚವಾಣರು ನಾಸಿಕದಿಂದ ಲೋಕಸಭೆಗೆ ಹೀಗೆಯೇ ಹೋದರು. ದೊಡ್ಡವರ ಮೇಲಣ ಗೌರವದಿಂದ ಎದುರಾಳಿಗಳು ಹಿಂದೆ ಸರಿಯುವದು ಸೌಜನ್ಯವೇ. ಮತದಾರರ ಪರವಾಗಿ ಆ ಸೌಜನ್ಯವನ್ನು ತೋರುವ ಅಧಿಕಾರವನ್ನು ಅವರಿಗೆ ಯಾರು ಕೊಟ್ಟರೆಂಬುದಷ್ಟೇ ನಮ್ಮ ಪ್ರಶ್ನೆ.

ಕೇಳದೆ ದೊರೆತ ಆ ಸ್ಥಾನದಿಂದ ನಿಜಲಿಂಗಪ್ಪನವರು ಮಾಡಿದುದು ಅಲ್ಪವಲ್ಲ. 1964ರಲ್ಲಿ ಶ್ರೀ ಲಾಲ್ ಬಹಾದೂರ ಶಾಸ್ತ್ರಿಗಳ ಹಸ್ತದಿಂದ ಆಲಮಟ್ಟಿಯಲ್ಲಿ ಕೃಷ್ಣೆಯ ಅಣೆಕಟ್ಟಿಗೆ ಅಡಿಗಲ್ಲು ಬಿದ್ದಿತು. ಗಡಿಯ ತಂಟೆಯು ಬಲಿತಾಗ 1966ರಲ್ಲಿ ಮಹಾಜನ ಆಯೋಗದ ನೇಮಕವಾಯಿತು. ಮರುವರುಷ ಬಂದ ಅದರ ವರದಿಯು ಬೆಳಗಾವಿಯನ್ನು ನಮಗೇ ಉಳಿಸಿತು, ಕಾಸರಗೋಡಿನ ಬಹುಭಾಗವನ್ನು ನಮಗೆ ಹೇಳಿತು. ನಿಪ್ಪಾಣಿಯನ್ನು ಮಾತ್ರ ಮಹಾರಾಷ್ಟ್ರಕ್ಕೆ ಕೊಡಬೇಕೆಂದಿತು. ಚಿಕ್ಕೋಡಿ ಭಾಗದವರಿಗೆ ಕಹಿಯಾದ ಈ ಅಂಶವಿದ್ದಾಗ್ಯೂ ವರದಿಯನ್ನು ಇಡಿಯಾಗಿ ಒಪ್ಪುವೆವೆಂಬ ನಿಲುವನ್ನು ಅವರ ಸರಕಾರವು ತಳೆಯಿತು. ಮಹಾರಾಷ್ಟ್ರವು ಒಪ್ಪಲಿಲ್ಲ, 2004ರಲ್ಲಿ ಅದು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು.

1967ರಲ್ಲಿ ಲೆಕ್ಕವೊಪ್ಪಿಸುವ ಕಾಲವು ಬಂದಿತು. ಆಗ ಅವರು ಶಾಸನಸಭೆಗೆ ಬಂದುದು ಧಾರವಾಡ ಜಿಲ್ಲೆಯ ಶಿಗ್ಗಾಂವಿಯಿಂದ, ಬಾಗಲಕೋಟೆಯಿಂದಲ್ಲ. ಐದು ವರುಷ ತಮ್ಮ ಹೆಸರಿನಲ್ಲಿ ರಾಜ್ಯವಾಳಿದವರ ಬಗೆಗೆ ಹೌದು ಅಥವಾ ಅಲ್ಲ ಎನ್ನುವ ಅವಕಾಶವು ಆ ಊರವರಿಗೆ ಮೊದಲೂ ಇರಲಿಲ್ಲ, ಕಡೆಗೂ ಬರಲಿಲ್ಲ. ಅವರ ದೊಡ್ಡತನವನ್ನು ಒಪ್ಪುವ ನಮಗೂ ಇದೊಂದು ಕೊರತೆಯಾಗಿ ಕಾಣುತ್ತದೆ. 1968ರಲ್ಲಿ ಅವರು ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ ದಿಲ್ಲಿಗೆ ಹೋದುದೂ, ಮರುವರುಷ ಆ ಮಹಾಸಂಸ್ಥೆಯು ಅವರ ಕಣ್ಣೆದುರಿಗೆ ಎರಡಾದುದೂ ಎಲ್ಲರಿಗೂ ಗೊತ್ತಿದ್ದ ಮಾತು. 2000ನೆಯ ಇಸವಿಯ ಆಗಸ್ಟ 8ರಂದು ಚಿತ್ರದುರ್ಗದಲ್ಲಿ ಅವರು ತೀರಿಕೊಂಡರು. ಆಲಮಟ್ಟಿಯ ಹಿನ್ನೀರು ಘಟಪ್ರಭೆಗುಂಟ ಏರಿ ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳನ್ನು ನುಂಗಿತು. ಅಲ್ಲಿಯ ಜನರು ಮನೆಮಾರುಗಳನ್ನು ಬಿಟ್ಟು ನವನಗರಕ್ಕೆ ಹೋದರು.