ರಜೆ ಮೀರಿದ ಆರ್ಗನ್ ವಾದಕ

ಸರ್ಕಾರಿ ಸೇವೆಯಲ್ಲಿ ಮೂರು ದಶಕಗಳಿಗೂ ಮಿಗಿಲಾಗಿ ನಾನು ವಿಲೇವಾರಿ ಮಾಡಿದ ಕಡತಗಳಲ್ಲಿ ರಜೆ ಮೀರಿದ ನೌಕರರ ಪ್ರಕರಣಗಳಿಗೆ ಲೆಕ್ಕವಿಲ್ಲ. ನಿವೃತ್ತಿಯ ಬಳಿಕ ಓದಿದ ಜೀವನಚರಿತ್ರೆಯೊಂದರಲ್ಲೂ ಅಂಥದೇ ಪ್ರಕರಣ ಎದುರಾಯಿತು. ನೌಕರನ ಹೆಸರು ಯೋಹಾನ್ ಸೆಬಾಸ್ಟಿಯನ್ ಬಾಖ್.

1685ರಲ್ಲಿ ಜರ್ಮನಿಯ ಐಸೆನಾಖ್‌ನಲ್ಲಿ ಹುಟ್ಟಿ, ಹತ್ತು ತುಂಬುವ ಮೊದಲೇ ತಂದೆತಾಯಿಯರನ್ನು ಕಳೆದುಕೊಂಡ ಬಾಖ್, 18ನೇ ವಯಸ್ಸಿಗೆ ಆರ್ನ್‌ಷ್ಟಾಟ್ ಪಟ್ಟಣದ ಚರ್ಚಿನಲ್ಲಿ ಆರ್ಗನ್ ವಾದಕನಾದ. 1705ರಲ್ಲಿ ನಾಲ್ಕು ವಾರಗಳ ರಜೆ ಪಡೆದು, ಹಿರಿಯ ವಾದಕ ಬುಕ್ಸ್ಟೆಹೂಡನನ್ನು ಕೇಳಲು ಸುಮಾರು 400 ಕಿ.ಮೀ. ದೂರದ ಲ್ಯೂಬೆಕ್‌ಗೆ ನಡೆದೇ ಹೋದನೆನ್ನುತ್ತಾರೆ. ಮರಳಿದ್ದು ಸುಮಾರು ನಾಲ್ಕು ತಿಂಗಳಿಗೆ. ಮೇಲಧಿಕಾರಿಗಳು ವಿವರಣೆ ಕೇಳಿದರು. ಸ್ತುತಿಗೀತೆಗಳಲ್ಲಿ ವಿಚಿತ್ರ ಸ್ವರಗಳನ್ನು ಬೆರೆಸಿ ಭಕ್ತರನ್ನು ಗೊಂದಲಗೊಳಿಸುತ್ತಾನೆಂಬ ಆಪಾದನೆಯನ್ನೂ ಜೊತೆಗೆ ಸೇರಿಸಿದರು. ವಾದನ ದೀರ್ಘವಾಯಿತೆಂದು ಎಚ್ಚರಿಸಿದ್ದಕ್ಕೆ ತೀರಾ ಮೊಟಕುಗೊಳಿಸಿದನಂತೆ.

ನನ್ನ ಕೈಕೆಳಗಿದ್ದ ದ್ವಿತೀಯ ದರ್ಜೆ ಸಹಾಯಕನೊಬ್ಬ ಹದಿನೈದು ದಿನಗಳ ರಜೆಗೆ ಹೋಗಿ ಮೂರು ತಿಂಗಳಿಗೆ ಬಂದಿದ್ದ. ವಾರ್ಷಿಕ ವೇತನ ಬಡ್ತಿ ತಡೆಹಿಡಿದು ಆದೇಶ ಹೊರಡಿಸಿದೆ. ಎಲ್ಲಿಗೆ, ಏಕೆ ಹೋಗಿದ್ದನೆಂಬುದು ಕಡತದಲ್ಲಿರಲಿಲ್ಲ. ನಾನೂ ಕೇಳಲಿಲ್ಲ.

ಬಾಖ್ ಲ್ಯೂಬೆಕ್‌ನಿಂದ ತಂದದ್ದೇನು ಎಂಬುದು ಮುಂದೆ ವೈಮಾರ್ ಆಸ್ಥಾನದಲ್ಲಿ ಕಂಡಿತು. ಲೂಥರ್ ಪಂಥದ ಆರಾಧನೆಯಲ್ಲಿ ಸಭೆ ಸ್ತುತಿಗೀತೆ ಹಾಡುವ ಮುನ್ನ ಅದೇ ಧಾಟಿಯನ್ನು ಆಧರಿಸಿ ಆರ್ಗನ್‌ನಲ್ಲಿ ನುಡಿಸುವ ರಚನೆಗೆ ಕೋರಾಲ್ ಪ್ರಿಲ್ಯೂಡ್ ಎಂದು ಹೆಸರು. ನಮ್ಮ ಆಲಾಪನೆ ರಾಗವನ್ನು ಬಿಡಿಸಿದರೆ ಇದು ಗೀತೆಯ ಧಾಟಿಯನ್ನೇ ಹಿಡಿದು ಅದರ ಸುತ್ತ ಬೇರೆ ಎಳೆಗಳನ್ನು ನೇಯುತ್ತದೆ. ಕೆಳಗಿನ ಎಳೆ ವಾದಕನ ಪಾದಗಳಿಗೆ ಸೇರಿದ್ದು. ಇಂಥ 164 ರಚನೆಗಳ ಪುಟ್ಟ ಪುಸ್ತಕವೊಂದನ್ನು ಬಾಖ್ ಯೋಜಿಸಿ, ಪುಟಗಳಿಗೆ ಗೀತೆಗಳ ಹೆಸರುಗಳನ್ನು ಮೊದಲೇ ಬರೆದಿಟ್ಟ. ಪೂರ್ಣಗೊಂಡವು 46 ಮಾತ್ರ. ಒಂದು ಪುಟದಲ್ಲಿ ಎರಡು ತಾಳಾವರ್ತಗಳಷ್ಟು ಬರೆದು ನಿಲ್ಲಿಸಿದ್ದಾನೆ. ಮಿಕ್ಕ ಎಷ್ಟೋ ಪುಟಗಳಲ್ಲಿ ಹೆಸರಷ್ಟೇ ಇದೆ.

ಅಷ್ಟರಲ್ಲಿ ಕೋಥೆನ್‌ನಿಂದ ಬೇರೆ ಹುದ್ದೆಯ ಕರೆ ಬಂತು. ಬಿಡುಗಡೆಗೆ ಹಟ ಹಿಡಿದನೆಂದು ವೈಮಾರ್‌ನ ಡ್ಯೂಕ್ ಆತನನ್ನು 1717ರ ನವೆಂಬರ್ 6ರಿಂದ ಡಿಸೆಂಬರ್ 2ರವರೆಗೆ ಸೆರೆಯಲ್ಲಿಟ್ಟು, ಬಳಿಕ ವಜಾಗೊಳಿಸಿದ. ರಾಜೀನಾಮೆ ಕೊಟ್ಟ ತಪ್ಪಿಗೆ ಜೈಲು. ನಮ್ಮ ಸೇವಾ ನಿಯಮಗಳು ಅಷ್ಟು ದೂರ ಹೋಗುವುದಿಲ್ಲ.

1723ರಿಂದ ಕೊನೆಯವರೆಗೂ ಲೈಪ್ಜಿಗ್. ಅಲ್ಲಿನ ನಗರಸಭೆಯೊಂದಿಗೂ ವೇತನ, ಅಧಿಕಾರಗಳ ತಗಾದೆ ತಪ್ಪಲಿಲ್ಲ. 1750ರಲ್ಲಿ ಎರಡು ಬಾರಿ ನಡೆದ ಕಣ್ಣಿನ ಶಸ್ತ್ರಚಿಕಿತ್ಸೆಯ ನಂತರ ಕುರುಡನಾಗಿ, ಜುಲೈ 28ರಂದು ತೀರಿಕೊಂಡ. ಮರಣಶಯ್ಯೆಯಲ್ಲಿ ಕೋರಾಲ್ ಪ್ರಿಲ್ಯೂಡ್ ಒಂದನ್ನು ಹೇಳಿ ಬರೆಸಿದನೆಂಬ ಕಥೆಯಿದೆ. ವಾಸ್ತವದಲ್ಲಿ ಅದು ವೈಮಾರ್‌ನ ಪುಟ್ಟ ಪುಸ್ತಕದಲ್ಲಿದ್ದ ರಚನೆಯೊಂದರ ಪರಿಷ್ಕರಣೆ. ಕಡುಸಂಕಟದಲ್ಲಿ ದೇವರನ್ನು ನೆನೆಯುವ ಗೀತೆ ಅದು. ಮೊದಲ ರೂಪ ಒಂಬತ್ತೇ ತಾಳಾವರ್ತಗಳದ್ದು. ಧಾಟಿ ಗುರುತು ಸಿಗದಷ್ಟು ಗಮಕಗಳು. ಕೊನೆಯ ರೂಪದಲ್ಲಿ ಗಮಕಗಳು ಬಹುಪಾಲು ಉದುರಿವೆ. ಪ್ರತಿ ಸಾಲಿಗೂ ಮುನ್ನ ಆ ಸಾಲಿನದೇ ಸ್ವರಗಳು ಒಂದರ ಹಿಂದೊಂದು ಬಂದು ದಾರಿ ಮಾಡುತ್ತವೆ; ನಂತರ ಧಾಟಿ ಬರಿಮೈಯಲ್ಲಿ ಬರುತ್ತದೆ.

ಎರಡನ್ನೂ ಒಟ್ಟಿಗೆ ಕೇಳಿದಾಗ ನನಗೆ ಇಂದಿಗೂ ಮೊದಲನೆಯದೇ ಹೆಚ್ಚು ಪ್ರಿಯ. ಎರಡನೆಯದಕ್ಕೆ ಬೇಕಾದ ವಯಸ್ಸು ಇನ್ನೂ ಬಂದಿಲ್ಲವೆಂದು ಸಮಾಧಾನ ಹೇಳಿಕೊಳ್ಳುತ್ತೇನೆ. ಬಾಖ್ ತೀರಿಕೊಂಡಾಗ ಆತನಿಗೆ 65. ಅದನ್ನು ದಾಟಿ ನನಗೆ ಎರಡು ವರ್ಷವಾಯಿತು.