ಮೊದಲು ಹಾರಿದವರು: ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್

ಬೆಂಗಳೂರಿನ ಹಳೆ ಮದ್ರಾಸ್ ರಸ್ತೆಯನ್ನೂ ಹಳೆ ವಿಮಾನ ನಿಲ್ದಾಣ ರಸ್ತೆಯನ್ನೂ ಕೂಡಿಸುವ ರಸ್ತೆಗೆ ಸುರಂಜನ್ ದಾಸ್ ಅವರ ಹೆಸರಿದೆ. ರಾಮನಗರ, ಮಾಗಡಿ ಕಡೆಯಿಂದ ಕೆಲಸಕ್ಕೆ ಹೋದ ಎಷ್ಟೋ ಮಂದಿ ಆ ದಾರಿಯಲ್ಲಿ ಓಡಾಡಿದ್ದಾರೆ. ಈ ಶಾಲೆಯಲ್ಲಿ ಹತ್ತನೇ ತರಗತಿ ಮುಗಿಸಿ, ಐಟಿಐ ಓದಿ, ಫಿಟ್ಟರ್ ಆಗಿ ವಿಮಾನ ಕಾರ್ಖಾನೆ ಸೇರಿದ ನನಗೆ ಅವರು ಯಾರೆಂದು ತಿಳಿದದ್ದು ಅಲ್ಲಿಯೇ.

ದಾಸ್ ಅವರು 1920ರಲ್ಲಿ ಕಲ್ಕತ್ತಾದಲ್ಲಿ ಹುಟ್ಟಿದರು. ವಾಯುಪಡೆ ಸೇರಿ, ಇಂಗ್ಲೆಂಡಿನಲ್ಲಿ ಪರೀಕ್ಷಾ ಪೈಲಟ್ ತರಬೇತಿ ಪಡೆದು, ಮುಂದೆ ಬೆಂಗಳೂರಿನ ಎಚ್‌ಎಎಲ್‌ನ ಮುಖ್ಯ ಪರೀಕ್ಷಾ ಪೈಲಟ್ ಆದರು. ಹೊಸದಾಗಿ ಕಟ್ಟಿದ ವಿಮಾನವನ್ನು ಎಲ್ಲರಿಗಿಂತ ಮೊದಲು ಹಾರಿಸಿ, ಅದರ ಗುಣದೋಷ ಹೇಳುವುದು ಅವರ ಕೆಲಸ.

ಇದಕ್ಕೆ ಗುಂಡಿಗೆ ಬೇಕು, ನಿಜ. ಆದರೆ ಗುಂಡಿಗೆಯೊಂದೇ ಸಾಲದು. ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ಮುಂದಾಳತ್ವದಲ್ಲಿ ಎಚ್‌ಎಫ್-24 ಮಾರುತ್ ಎಂಬ ಜೆಟ್ ಯುದ್ಧವಿಮಾನ ರೂಪುಗೊಳ್ಳುತ್ತಿದ್ದಾಗ, ಮೊದಲು ಅದೇ ಅಳತೆಯ, ಎಂಜಿನ್ ಇಲ್ಲದ ಮರದ ಗ್ಲೈಡರ್ ಮಾಡಿದರು. 1959ರಲ್ಲಿ ಅದನ್ನು ಡಕೋಟಾ ವಿಮಾನಕ್ಕೆ ಕಟ್ಟಿ ಮೇಲಕ್ಕೆ ಎಳೆದೊಯ್ದು, ಬಿಟ್ಟು, ಅದು ಹೇಗೆ ಹಾರುತ್ತದೆಂದು ಹಲವು ಬಾರಿ ನೋಡಿದರು. ಆ ಮೇಲೆಯೇ ನಿಜವಾದ ಮಾರುತ್. 1961ರ ಜೂನ್ 17ರಂದು ಬೆಂಗಳೂರಿನಲ್ಲಿ ಅದನ್ನು ಮೊದಲ ಬಾರಿಗೆ ಹಾರಿಸಿದವರು ದಾಸ್. 1964ರ ಸೆಪ್ಟೆಂಬರ್ 4ರಂದು ಕಿರಣ್ ತರಬೇತಿ ವಿಮಾನದ ಮೊದಲ ಹಾರಾಟವೂ ಅವರದೇ.

ಪರೀಕ್ಷಾ ಹಾರಾಟದಲ್ಲಿ ವೇಗವನ್ನಾಗಲಿ ಎತ್ತರವನ್ನಾಗಲಿ ಒಮ್ಮೆಲೇ ಏರಿಸುವುದಿಲ್ಲ. ಹಾರಿ ಬಂದ ಪೈಲಟ್ ಕಂಡದ್ದನ್ನೆಲ್ಲ ಬರೆದುಕೊಡಬೇಕು. ಎಂಜಿನಿಯರು ಅದನ್ನು ಸರಿಪಡಿಸಬೇಕು, ಇನ್ನೊಬ್ಬರು ಪರೀಕ್ಷಿಸಿ ಸಹಿ ಹಾಕಬೇಕು. ಬಳಿಕವೇ ಮುಂದಿನ ಹಾರಾಟ. ರೇಷ್ಮೆ ಸಾಕುವ ಮನೆಯವರಿಗೆ ಇದು ಹೊಸದಲ್ಲ. ಒಂದು ತಟ್ಟೆಯ ಹುಳುವಿಗೆ ರೋಗ ಕಂಡರೆ ಅಂದೇ ಹೇಳಬೇಕು. ಬೈಗುಳಕ್ಕೆ ಹೆದರಿ ಮುಚ್ಚಿಟ್ಟರೆ ಇಡೀ ಬೆಳೆ ಹೋಗುತ್ತದೆ. ತಪ್ಪು ತೋರಿಸಿದವನನ್ನು ಗದರಿದರೆ ಮುಂದಿನ ಸಲ ಅವನು ತೋರಿಸುವುದಿಲ್ಲ. ವಿಮಾನದ ವಿಷಯದಲ್ಲಿ ಹೋಗುವುದು ಜೀವ.

ಇಷ್ಟೆಲ್ಲ ಎಚ್ಚರವಿದ್ದರೂ ಅಪಾಯ ಪೂರ್ತಿ ಇಲ್ಲವಾಗದು. 1970ರ ಜನವರಿ 10ರಂದು ಸುಧಾರಿತ ಮಾರುತ್ ಒಂದನ್ನು ಪರೀಕ್ಷಿಸಲು ಹೊರಟ ದಾಸ್, ವಿಮಾನ ನೆಲ ಬಿಟ್ಟ ಸ್ವಲ್ಪ ಹೊತ್ತಿನಲ್ಲೇ ಅಪಘಾತಕ್ಕೀಡಾಗಿ ತೀರಿಕೊಂಡರು. ಐವತ್ತು ಇನ್ನೂ ತುಂಬಿರಲಿಲ್ಲ. ಸರ್ಕಾರ ಮರಣೋತ್ತರವಾಗಿ ಪದ್ಮಭೂಷಣ ನೀಡಿತು.

ಮರುವರ್ಷ, 1971ರ ಯುದ್ಧದಲ್ಲಿ, ರಾಜಸ್ಥಾನದ ಗಡಿಯಲ್ಲಿ ಮಾರುತ್ ವಿಮಾನಗಳು ಹೋರಾಡಿದವು. ಕಿರಣ್ ವಿಮಾನದಲ್ಲಿ ತಲೆಮಾರುಗಳ ಪೈಲಟರು ಹಾರಾಟ ಕಲಿತರು. ಅವರು ನಂಬಿ ಕುಳಿತ ಆಸನದಲ್ಲಿ ಮೊದಲು ಕುಳಿತು ನೋಡಿದವರು ದಾಸ್.

ನಮ್ಮ ಶಾಲೆಯಿಂದ ಕಾರ್ಖಾನೆಗೋ ಬಸ್ ಡಿಪೋಗೋ ವಿದ್ಯುತ್ ಕಂಪನಿಗೋ ಸೇರುವ ಮಕ್ಕಳಲ್ಲಿ ನನ್ನ ಕೋರಿಕೆ ಇಷ್ಟೇ: ದೋಷ ಕಂಡ ದಿನವೇ ಬರೆದಿಡಿ, ಮೇಲಿನವರಿಗೆ ತಿಳಿಸಿ. ನಾಳೆ ನೀವೇ ಮೇಲಿನವರಾದಾಗ, ತಿಳಿಸಲು ಬಂದ ಹುಡುಗನ ಮಾತನ್ನು ಕೂತು ಕೇಳಿ.